ಡೌನ್ ವರ್ಷನ್‌ಗೆ ಸೇವ್ ಮಾಡ್ಕೊಂಡ್ ಬನ್ನಿ!

ಬೆಂಗಳೂರಿನ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಾಗಲಿ, ಯಾವುದೋ ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಹಿಂದಿನ ಪ್ರೆಸ್ಸಾಗಲಿ, ಒಳಮನೆಯಲ್ಲಿ ಒಬ್ಬ ಡಿಟಿಪಿ ಅಣ್ಣ ಕೂತೇ ಇರುತ್ತಾರೆ. ಕನ್ನಡಕ ಮೂಗಿನ ತುದಿಯಲ್ಲಿ, ಚಪ್ಪಲಿ ಬಾಗಿಲಾಚೆ. ಕೀಬೋರ್ಡಿನ ಅಕ್ಷರಗಳು ಯಾವತ್ತೋ ಸವೆದುಹೋಗಿವೆ, ಅದರಿಂದ ಅವರಿಗೇನೂ ತೊಂದರೆಯಾಗಿಲ್ಲ. ನೀವು ಪೆನ್‌ಡ್ರೈವ್ ಚಾಚುತ್ತೀರಿ. ಅದನ್ನು ಮುಟ್ಟುವ ಮೊದಲೇ ಅವರು, ಹಿಂದಿನವರು ಗೋತ್ರ ವಿಚಾರಿಸುತ್ತಿದ್ದ ದನಿಯಲ್ಲಿ ಕೇಳುತ್ತಾರೆ: "ಯಾವ ವರ್ಷನ್ನು?"

"ಲೇಟೆಸ್ಟು ಸಾರ್" ಎಂದಿರೋ, ಕೆಟ್ಟಿರಿ. "ಹನ್ನೆರಡಕ್ಕೆ ಸೇವ್ ಮಾಡಿ, ಕರ್ವ್ ಮಾಡ್ಕೊಂಡ್ ಬನ್ನಿ." ಹನ್ನೆರಡು ಅಂದರೆ ವಿನ್ಯಾಸದ ತಂತ್ರಾಂಶ ಕೋರೆಲ್‌ಡ್ರಾ 12, 2004ರ ಸರಕು. ಕರ್ವ್ ಅಂದರೆ ಅಕ್ಷರಗಳನ್ನು ಫಾಂಟಿನ ಹಂಗಿಲ್ಲದ ಗೆರೆಗಳಾಗಿ ಬದಲಿಸುವುದು. ಹೊಸ ಕೋರೆಲ್‌ನಲ್ಲಿ ಮಾಡಿದ ಫೈಲನ್ನು ಹಳೆಯದು ಮೂಸಿಯೂ ನೋಡುವುದಿಲ್ಲ. ಹಳೆಯದರ ಫೈಲನ್ನು ಹೊಸದು ಮರುಮಾತಿಲ್ಲದೆ ತೆರೆಯುತ್ತದೆ. ತಗ್ಗಿ ಬಗ್ಗಿ ನಡೆದ ಫೈಲಿಗೆ ಎಲ್ಲ ಪ್ರೆಸ್ಸಿನಲ್ಲೂ ಮರ್ಯಾದೆ ಎಂಬುದು ಅಣ್ಣನ ಅನುಭವ.

ಹಾಗಂತ ಅವರ ಹತ್ತಿರ ಹೊಸದು ಇಲ್ಲವೆಂದುಕೊಳ್ಳಬೇಡಿ. ಡೆಸ್ಕ್‌ಟಾಪಿನ ಮೂಲೆಯಲ್ಲಿ ಹೊಸ ಕೋರೆಲ್ ಇದೆ. ಗಿರಾಕಿಗಳು ತಂದ ಹೊಸ ಫೈಲುಗಳನ್ನು ಹಳೆಯದಕ್ಕೆ ಇಳಿಸಿಕೊಡುವುದೊಂದೇ ಅದಕ್ಕೆ ಇಲ್ಲಿ ಸಿಕ್ಕಿರುವ ನೌಕರಿ.

ಮನೆದೇವರು ಮಾತ್ರ ಪುಟ ಜೋಡಿಸುವ ಪೇಜ್‌ಮೇಕರ್ 7. ಆಲ್ಡಸ್ ಕಂಪನಿ 1985ರಲ್ಲಿ ಹೊರತಂದ ಪೇಜ್‌ಮೇಕರ್ 1994ರಲ್ಲಿ ಅಡೋಬಿಯ ಪಾಲಾಯಿತು. 2001ರಲ್ಲಿ ಏಳನೆಯ ಆವೃತ್ತಿ ತಂದು ಅಡೋಬಿ ಮಂಗಳ ಹಾಡಿತು. ಅಣ್ಣನ ಬಳಿ ಅದರ ಸಿ.ಡಿ. ಇದೆ. ಮೇಲೆ ಸ್ಕೆಚ್ ಪೆನ್ನಿನಲ್ಲಿ ಸೀರಿಯಲ್ ನಂಬರ್ ಬರೆದಿದೆ. ಎಲ್ಲಿಂದ ಬಂತು ಎಂದು ಕೇಳುವುದು ಸಭ್ಯತೆಯಲ್ಲ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರುವ ಸೋದರಳಿಯ ರಜೆಗೆ ಬಂದಾಗಲೆಲ್ಲ ಹಟ ಹಿಡಿಯುತ್ತಾನೆ. "ಮಾವ, ಇದು 2001ರದ್ದು. ಇದರ ಬದ್ಲು ಇನ್‌ಡಿಸೈನ್ ಹಾಕ್ಕೊಡ್ತೀನಿ."

"ಅದೇನ್ ಮಹಾ ಹಳೇದೇನೋ? ನನ್ನ ಸ್ಕೂಟರು ಅದಕ್ಕಿಂತ ಆರು ವರ್ಷ ದೊಡ್ಡದು. ಇವತ್ತಿಗೂ ಎರಡೇ ಕಿಕ್ಕು."

ಅಳಿಯ ಕೈಲಾದ ಸೇಡು ತೀರಿಸಿಕೊಂಡ. ವಿಂಡೋಸ್ 10 ಹಾಕಿಟ್ಟು ಕೆಲಸಕ್ಕೆ ಮರಳಿದ. ಅಂದಿನಿಂದ ಅಣ್ಣನಿಗೆ ಹೊಸದೊಂದು ನಿತ್ಯಕರ್ಮ ಅಂಟಿಕೊಂಡಿತು. ಬೆಳಿಗ್ಗೆ ಬಂದು ಊದುಬತ್ತಿ ಹಚ್ಚಿ, ಮಾನಿಟರಿಗೆ ಒಂದು ಸುತ್ತು ತೋರಿಸಿ, ಮೌಸ್ ಹಿಡಿಯುತ್ತಾರೆ. ಫೈಲಿನ ಮೇಲೆ ರೈಟ್ ಕ್ಲಿಕ್, ಓಪನ್ ವಿತ್, ಚೂಸ್ ಅನದರ್ ಆ್ಯಪ್. ಪಟ್ಟಿಯಲ್ಲಿ ಹಳೆಯ ಪ್ರೋಗ್ರಾಮ್ ಹುಡುಕಿ, ಕೆಳಗಿನ ಚೌಕದಲ್ಲಿ 'ಯಾವಾಗಲೂ ಇದರಲ್ಲೇ ತೆರೆ' ಎಂಬುದಕ್ಕೆ ಟಿಕ್. ಚಿತ್ರಗಳು ಹಳೆಯ ಫೋಟೋ ವ್ಯೂವರ್‌ನಲ್ಲಿ, ಪಿಡಿಎಫ್ ಹಳೆಯ ಅಕ್ರೋಬ್ಯಾಟ್‌ನಲ್ಲಿ, ಪತ್ರವ್ಯವಹಾರವೆಲ್ಲ ವರ್ಡ್ 2003ರಲ್ಲಿ. ಆ ಫೋಟೋ ವ್ಯೂವರ್ ವಿಂಡೋಸ್ 10ರ ಹೊಟ್ಟೆಯೊಳಗೆ ಇದ್ದರೂ ಪಟ್ಟಿಯಲ್ಲಿ ಮುಖ ತೋರಿಸುವುದಿಲ್ಲ, ರಿಜಿಸ್ಟ್ರಿ ತಿದ್ದಿ ಹೊರಗೆಳೆಯಬೇಕು. ಪ್ರಿಂಟರಿನ ಡ್ರೈವರ್ ಹಾಕಲೂ ಹುಡುಗನನ್ನು ಕರೆಯುವ ಅಣ್ಣ ಇದನ್ನು ಮಾತ್ರ ತಾವೇ ಕಲಿತಿದ್ದಾರೆ.

ಯಾವಾಗಲೂ ಎಂದರೆ ವಿಂಡೋಸ್ ಲೆಕ್ಕದಲ್ಲಿ ಮುಂದಿನ ಅಪ್‌ಡೇಟ್‌ವರೆಗೆ. ಒಂದು ಬೆಳಿಗ್ಗೆ ನೋಡಿದರೆ ಪಿಡಿಎಫ್ ಎಲ್ಲ ಎಡ್ಜ್ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತಿವೆ, ಮೂಲೆಯಲ್ಲಿ 'ಡಿಫಾಲ್ಟ್ ರೀಸೆಟ್ ಆಗಿದೆ' ಎಂಬ ಚೀಟಿ. "ನನ್ನ ಅಂಗಡೀಲಿ ನನ್ನ ಕೇಳ್ದೆ!" ಎಂದು ಎದ್ದವರೇ ನೆಟ್ ಕೇಬಲ್ ಕಿತ್ತು ಸುತ್ತಿ ಡ್ರಾಯರಿಗೆ ಹಾಕಿದರು. 2025ರ ಅಕ್ಟೋಬರ್ 14ರ ನಂತರ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಸಿಗುವುದಿಲ್ಲ ಎಂಬ ಸುದ್ದಿ ಬಂದಾಗ ಬೀದಿಯಲ್ಲಿ ಸಂತೋಷಪಟ್ಟವರು ಇವರೊಬ್ಬರೇ.

ವರ್ಡ್ 2003ರ ಕಥೆ ಬೇರೆ. 2007ರ ವರ್ಡ್ ಬಂದಾಗ ಫೈಲಿನ ಹೆಸರಿನ ಬಾಲಕ್ಕೆ ಒಂದು ಎಕ್ಸ್ ಸೇರಿತಲ್ಲ, ಅದರ ಮೇಲೆ ಇವರಿಗೆ ಇನ್ನೂ ಸಿಟ್ಟು. "ಎಕ್ಸ್ ತೆಗ್ದು ತನ್ನಿ" ಎನ್ನುತ್ತಾರೆ. ಸಹಕಾರ ಸಂಘದ ಕಾರ್ಯದರ್ಶಿಯೊಬ್ಬರು ವಿಧೇಯರಾಗಿ ಫೈಲಿನ ಹೆಸರಿನಿಂದ ಎಕ್ಸ್ ಅಕ್ಷರವನ್ನಷ್ಟೇ ಅಳಿಸಿ ತಂದರು. ತೆರೆದರೆ ವಾರ್ಷಿಕ ವರದಿಯ ಜಾಗದಲ್ಲಿ 'ಪಿಕೆ' ಎಂದು ಶುರುವಾಗುವ ಕಸದ ರಾಶಿ. ಹೊಸ ವರ್ಡ್ ಫೈಲು ಒಳಗಿನಿಂದ ಜಿಪ್ ಕಟ್ಟು. ಜಿಪ್ ಕಂಡುಹಿಡಿದ ಫಿಲ್ ಕಾಟ್ಜ್ ತನ್ನ ಇನಿಷಿಯಲ್ಲನ್ನು ಅದರ ತಲೆಯ ಮೇಲೆ ಬರೆದಿಟ್ಟಿದ್ದಾನೆ. ಅಣ್ಣ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನಿಮ್ಮ ಸಂಘದಲ್ಲಿ ಪಿಕೆ ಅಂದ್ರೆ ಯಾರು?"

ಕವಿಗಳು ಬಂದ ದಿನವಂತೂ ಮಜವೋ ಮಜ. ಮೊಬೈಲಿನಲ್ಲಿ ಟೈಪಿಸಿದ ಇಡೀ ಸಂಕಲನ. ಅದು ಯೂನಿಕೋಡ್, ಪೇಜ್‌ಮೇಕರ್‌ಗೆ ಯೂನಿಕೋಡಿನ ಗಂಧಗಾಳಿ ಇಲ್ಲ. ಅಂಟಿಸಿದ್ದೇ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

"ಬರೀ ಪ್ರಶ್ನೆನೇ ಕೇಳಿದೀರಲ್ಲ ಸಾರ್."

"ಪ್ರೇಮಪದ್ಯ ಕಣ್ರೀ ಅದು!"

ಕನ್ವರ್ಟರ್‌ನಲ್ಲಿ ಹಾಕಿ ನುಡಿ ಫಾಂಟಿಗೆ ಇಳಿಸಿದ್ದಾಯಿತು. ಅರ್ಕಾವತ್ತುಗಳು ಒಂದಿಷ್ಟು ಜಾಗ ತಪ್ಪಿ ಕೂತವು, ಅವನ್ನು ಕೈಯಲ್ಲೇ ತಿದ್ದಿದರು. ಕೊನೆಯಲ್ಲಿದ್ದ ಇಮೇಲ್ ವಿಳಾಸದ ಇಂಗ್ಲಿಷ್ ಅಕ್ಷರಗಳಿಗೂ ಕನ್ನಡ ಫಾಂಟೇ ಬಿದ್ದು, ಬಾಯಿಗೆ ಬಾರದ ಒತ್ತು ದೀರ್ಘಗಳ ಒಂದು ಸಾಲಾಯಿತು. ಪ್ರೂಫ್ ನೋಡುವ ಮೇಷ್ಟ್ರು ಅದನ್ನು ಸಂಕಲನದ ಅತ್ಯಂತ ಸಂಕೀರ್ಣ ಸಾಲೆಂದು ಬಗೆದು ಟಿಕ್ ಹಾಕಿ ಕಳಿಸಿದರು.

ನಗುವುದು ಸುಲಭ. ಆದರೆ ಅಣ್ಣನ ಹಟಕ್ಕೆ ಒಂದು ಗಟ್ಟಿ ಕಾರಣವೂ ಇದೆ. ಪೇಜ್‌ಮೇಕರ್ ಕಾಲದ ಕನ್ನಡ ಪುಸ್ತಕಗಳು ಒಳಗಿನಿಂದ ಕನ್ನಡದಲ್ಲಿಲ್ಲ. ನುಡಿಯಂಥ ಫಾಂಟುಗಳಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳ ಸೀಟಿನಲ್ಲಿ ಕೂತಿವೆ. 'ನ' ಅಕ್ಷರ ಇರುವುದು ಬ್ರಿಟಿಷರ ಪೌಂಡ್ ಗುರುತಿನ ಜಾಗದಲ್ಲಿ. ಆ ಫಾಂಟ್ ಇಲ್ಲದಿದ್ದರೆ ಕಾದಂಬರಿಯೂ ಕಸವೇ. ಇನ್‌ಡಿಸೈನ್ ಆದರೂ ಸಿಎಸ್6ರವರೆಗೆ, ಅಂದರೆ 2012ರ ಆವೃತ್ತಿಯವರೆಗೆ, ಪೇಜ್‌ಮೇಕರ್ ಫೈಲುಗಳನ್ನು ತೆರೆಯುತ್ತಿತ್ತು. ಆಮೇಲಿನವು ಬಾಗಿಲು ಮುಚ್ಚಿದವು. ಇಪ್ಪತ್ತು ವರ್ಷ ಹಿಂದಿನ ಪುಸ್ತಕದ ಮರುಮುದ್ರಣ ಬೇಕೆಂದಾಗ ದೊಡ್ಡ ಪ್ರಕಾಶಕರೂ ಹುಡುಕಿಕೊಂಡು ಬರುವುದು ಇಂಥ ಒಳಮನೆಗಳಿಗೇ. ಅಳಿಯನ ಲ್ಯಾಪ್‌ಟಾಪ್ ತೆರೆಯದ ಫೈಲನ್ನು ಇಲ್ಲಿ ಡಬಲ್ ಕ್ಲಿಕ್ ಮಾಡಿದರೆ ಸಾಕು.

ನಿಮ್ಮದೋ ನಿಮ್ಮ ತಂದೆಯವರದೋ ಪುಸ್ತಕ ಆ ಕಾಲದಲ್ಲಿ ಅಚ್ಚಾಗಿದ್ದರೆ, ಅದನ್ನು ಮಾಡಿದ ಅಣ್ಣನನ್ನು ಹುಡುಕಿ. ಮೂಲ ಫೈಲು, ಜೊತೆಗೆ ಫಾಂಟು, ಯೂನಿಕೋಡಿಗೆ ಬದಲಿಸಿದ ಪಠ್ಯ, ಮೂರನ್ನೂ ಆ ಸಿಸ್ಟಂ ಜೀವದಿಂದಿರುವಾಗಲೇ ಪಡೆದುಕೊಳ್ಳಿ. ಖುದ್ದಾಗಿ ಹೋಗಿ, ನೆಟ್ ಕೇಬಲ್ ಇನ್ನೂ ಡ್ರಾಯರಿನಲ್ಲೇ ಇದೆ. ಒಂದೂವರೆಯಿಂದ ಮೂರರವರೆಗೆ ಊಟದ ಹೊತ್ತು.