ಪದಕ್ಕೆ ಮೂವತ್ತು ಪೈಸೆಯ ಧಣಿಗಳಿಗೆ

ಬರೆಯುವವರಿಗೆ ದುಡ್ಡು ಕೊಡುತ್ತೇವೆಂದು ಸಾರಿಕೊಂಡಿರುವ ಜಾಲತಾಣದ ಮಹಾಸ್ವಾಮಿಗಳ ಪಾದಾರವಿಂದಗಳಿಗೆ, ಕನ್ನಡದಲ್ಲಿ ಬ್ಲಾಗ್ ಬರೆದು ಹೊಟ್ಟೆ ಹೊರೆಯಲು ಹೊರಟ ಬಡ ಫ್ರೀಲಾನ್ಸರ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ. ಇತ್ತ ಕಡೆ ಮನೆ ಬಾಡಿಗೆಯೊಂದು ಬಿಟ್ಟು ಉಳಿದೆಲ್ಲ ಕ್ಷೇಮ. ತಮ್ಮ ಪುಟಗಳಲ್ಲಿ ಲೇಖನಕ್ಕಿಂತ ಜಾಹೀರಾತೇ ಉದ್ದವಾಗಿ ಬೆಳೆದಿರುವುದನ್ನು ನೋಡಿದರೆ ಅತ್ತ ಕಡೆಯೂ ಕ್ಷೇಮವೆಂದೇ ತಿಳಿಯುತ್ತೇನೆ.

ಅದಾಗಿ ತಮ್ಮಲ್ಲಿ ಅರಿಕೆ. ತಮ್ಮನ್ನು ಹುಡುಕಿ ಹಿಡಿಯುವುದೇ ಒಂದು ತಪಸ್ಸು. ಬರೆದು ಗಳಿಸುವ ದಾರಿ ಎಂದು ಹುಡುಕಿದರೆ ಮೊದಲು ಎದುರಾಗುವವರು ನೋಂದಣಿ ಶುಲ್ಕ ಕೇಳುವ ಮಹನೀಯರು. ಆಮೇಲೆ ಸಿಗುವುದು ಡಾಲರ್ ಲೆಕ್ಕದಲ್ಲಿ ಕೊಡುವ ಇಂಗ್ಲಿಷ್ ತಾಣಗಳ ಉದ್ದನೆಯ ಪಟ್ಟಿಗಳು. ಕ್ಲಿಕ್ ಮಾಡಿದರೆ ಎಷ್ಟೋ ಅಂಗಡಿಗಳು ಬಾಗಿಲು ಹಾಕಿ ಕಾಲವಾಗಿದೆ. ಇವನ್ನೆಲ್ಲ ದಾಟಿ ಬಂದ ನನಗೆ ತಾವು ಪ್ರತ್ಯಕ್ಷರಾದಿರಿ. ತಾವು ದುಡ್ಡು ಕೇಳಲಿಲ್ಲ. ಒಂದು ಸ್ಯಾಂಪಲ್ ಮಾತ್ರ ಕೇಳಿದಿರಿ. ವಿಷಯ ತಮ್ಮದು, ಕೀವರ್ಡ್ ತಮ್ಮದು, ಗಡುವು ತಮ್ಮದು, ನಿದ್ದೆ ಮಾತ್ರ ನನ್ನದು. ಮಳೆಗಾಲದ ಶೀತಕ್ಕೆ ಮನೆಮದ್ದು ಎಂಬ ಆ ಸ್ಯಾಂಪಲ್ಲನ್ನು ಮರುವಾರವೇ ಪ್ರಕಟಿಸಿ ದೊಡ್ಡತನ ಮೆರೆದಿರಿ. ಸಂಭಾವನೆ ಕೇಳಿದಾಗ, ಸ್ಯಾಂಪಲ್ ಅಂದ ಮೇಲೆ ಸ್ಯಾಂಪಲ್ ತಾನೇ ಸರ್, ಎಂದಿರಿ. ಇಂಥ ತರ್ಕಕ್ಕೆ ಉತ್ತರ ಕೊಡುವಷ್ಟು ನಾನು ಓದಿಕೊಂಡವನಲ್ಲ.

ಆ ಲೇಖನದ ಕೆಳಗೆ ಬರೆದವರ ಹೆಸರು ಅಡ್ಮಿನ್ ಎಂದಿತ್ತು. ಸ್ವಾಮಿ, ಈ ಅಡ್ಮಿನ್ ಅವರನ್ನು ಒಮ್ಮೆ ಕಣ್ತುಂಬ ನೋಡಿ ಕಾಲಿಗೆ ಬೀಳಬೇಕೆಂಬ ಆಸೆ ಬಹಳ ದಿನದಿಂದ ಇದೆ. ಕನ್ನಡದಲ್ಲಿ ಅವರಷ್ಟು ಬರೆದವರು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ. ಬೆಳಗ್ಗೆ ಮೂಲವ್ಯಾಧಿಗೆ ಮೂಲಂಗಿ, ಮಧ್ಯಾಹ್ನ ಗೃಹಸಾಲದ ಬಡ್ಡಿ, ಸಂಜೆ ವರಮಹಾಲಕ್ಷ್ಮಿ ವ್ರತದ ವಿಧಾನ, ರಾತ್ರಿ ಯಾವುದೋ ನಟಿಯ ಕೊರಳ ಸರದ ಬೆಲೆ. ಕರಾವಳಿಯ ನೀರುದೋಸೆಯನ್ನೂ ಬಲ್ಲರು, ಕಲಬುರಗಿಯ ತೊಗರಿಯನ್ನೂ ಬಲ್ಲರು. ಗಂಡೋ ಹೆಣ್ಣೋ ಗೊತ್ತಿಲ್ಲ. ಹೆರಿಗೆಯ ಅನುಭವವನ್ನೂ ಬರೆದಿದ್ದಾರೆ, ಗಡ್ಡ ಬೋಳಿಸಿಕೊಂಡ ಅನುಭವವನ್ನೂ ಬರೆದಿದ್ದಾರೆ. ಮುಂದಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಗೆ ಅವರ ಹೆಸರನ್ನು ತಾವೇ ಸೂಚಿಸಬೇಕೆಂದು ಪ್ರಾರ್ಥನೆ. ಮೆರವಣಿಗೆಯ ಸಾರೋಟಿನಲ್ಲಿ ಜಾಗ ಸಾಲದೆ ಹೋದರೆ ಅವರ ಕೈಯಾಗಿ ದುಡಿದ ನಾವೆಲ್ಲ ಹಿಂದೆ ನಡೆದು ಬರುತ್ತೇವೆ.

ಇನ್ನು ದರದ ಸಂಗತಿ. ಪದಕ್ಕೆ ಮೂವತ್ತು ಪೈಸೆ ಎಂದು ದಯಪಾಲಿಸಿದ್ದೀರಿ. ಪದಕ್ಕಿಷ್ಟು ಎನ್ನುವ ಈ ಅಳತೆ ಇಂಗ್ಲಿಷಿಗಾಗಿ ಹುಟ್ಟಿದ್ದೆಂದು ತಮ್ಮಂಥ ಬಲ್ಲವರಿಗೆ ನಾನು ಹೇಳಬೇಕಿಲ್ಲ. ‘ಬರೆಯಬೇಕಾಗಿದ್ದವರಿಗೋಸ್ಕರವಾದರೂ’ ಎಂದು ನಾನು ಬರೆದರೆ ತಮ್ಮ ಲೆಕ್ಕದಲ್ಲಿ ಅದು ಒಂದು ಪದ. ಇದನ್ನೇ ಇಂಗ್ಲಿಷಿನವನು ಹೇಳಲು ಹೊರಟರೆ ಹತ್ತು ಪದವಾದರೂ ಬೇಕು. ಅವನಿಗೆ ಮೂರು ರೂಪಾಯಿ, ನನಗೆ ಮೂವತ್ತು ಪೈಸೆ. ಹೋಳಿಗೆಯಲ್ಲಿ ಕಣಕಕ್ಕೆ ಮಾತ್ರ ದುಡ್ಡು ಕೊಟ್ಟು ಹೂರಣವನ್ನು ಪುಕ್ಕಟೆ ಕೇಳಿದ ಹಾಗಾಯಿತು. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರಲು ಹೇಳಿದಾಗಲೂ ತಾವು ಎಣಿಸಿದ್ದು ಕನ್ನಡದ ಪದಗಳನ್ನೇ, ಏಕೆಂದರೆ ಅವು ಕಡಿಮೆ. ತಮ್ಮ ಕೃಪೆಯಿಂದ ನನ್ನ ವ್ಯಾಕರಣವೂ ಬದಲಾಗಿದೆ. ‘ಮಾಡುತ್ತಿರುವ’ ಎಂದು ಬರೆದರೆ ಮೂವತ್ತು ಪೈಸೆ, ‘ಮಾಡುತ್ತಾ ಇರುವ’ ಎಂದರೆ ಅರವತ್ತು. ಆದ್ದರಿಂದ ಸಂಧಿ ಮಾಡುವುದನ್ನೇ ಬಿಟ್ಟಿದ್ದೇನೆ. ಕೇಶಿರಾಜನಿಗೆ ಯಾರಾದರೂ ಪದಕ್ಕಿಷ್ಟು ಎಂದು ದರ ಕಟ್ಟಿದ್ದರೆ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಪ್ರಕರಣವೇ ಇರುತ್ತಿರಲಿಲ್ಲ.

ಕನ್ನಡಕ್ಕೆ ಜಾಹೀರಾತಿನ ವರಮಾನ ಕಡಿಮೆ, ಏನು ಮಾಡೋಣ ಸರ್, ಎಂದು ತಾವು ಕಣ್ಣೀರು ಹಾಕಿದಾಗ ನನ್ನ ಕರುಳೂ ಚುರುಕ್ಕೆಂದಿತ್ತು. ಒಂದು ಕಾಲಕ್ಕೆ ಆ ಮಾತಿನಲ್ಲಿ ಹುರುಳಿತ್ತು, ಒಪ್ಪುತ್ತೇನೆ. ಪುಟಗಳಿಗೆ ಜಾಹೀರಾತು ತರುವ ಗೂಗಲ್‌ನ ಆಡ್‌ಸೆನ್ಸ್ 2014ರಲ್ಲಿ ಹಿಂದಿಗೆ ಬಂತು. ಕನ್ನಡ ಅದಾದ ಮೇಲೂ ವರ್ಷಗಟ್ಟಲೆ ಸಾಲಿನಲ್ಲಿ ನಿಂತು ಕಾಯಬೇಕಾಯಿತು. ಈಗ ಕನ್ನಡಕ್ಕೂ ಬಂದಿದೆ. ತಮ್ಮ ಪುಟ ತೆರೆದರೆ ಕಷಾಯದ ಎರಡು ಸಾಲಿಗೊಂದು ಚಿನ್ನದ ಸಾಲ, ಮತ್ತೆರಡು ಸಾಲಿಗೊಂದು ಸೈಟು ಮಾರಾಟ. ಹಾಗಿದ್ದರೂ ದರ ಮಾತ್ರ ಹಳೆಯ ಕಾಲದ್ದೇ. ಪರಂಪರೆಯ ಮೇಲಿನ ತಮ್ಮ ಶ್ರದ್ಧೆ ದೊಡ್ಡದು.

ಈಚೆಗೆ ತಾವು ನನ್ನ ಮನುಷ್ಯತ್ವವನ್ನು ಪರೀಕ್ಷಿಸತೊಡಗಿದ್ದೀರಿ. ನನ್ನ ಲೇಖನವನ್ನು ಯಾವುದೋ ಎಐ ಡಿಟೆಕ್ಟರ್‌ಗೆ ಹಾಕಿ, 70 ಪರ್ಸೆಂಟ್ ಯಂತ್ರದ ಬರಹ ಎಂಬ ತೀರ್ಪು ಲಗತ್ತಿಸಿ, ದುಡ್ಡು ತಡೆಹಿಡಿದಿರಿ. ಚಾಟ್‌ಜಿಪಿಟಿಯನ್ನು ಹಡೆದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಪತ್ತೇದಾರನನ್ನು ಬಿಟ್ಟು, ಇದನ್ನು ಇಂಗ್ಲಿಷಿಗೆ ಮಾತ್ರ ಬಳಸಿ, ಬೇರೆ ಭಾಷೆಗಳಲ್ಲಿ ಇನ್ನೂ ಕೆಟ್ಟದಾಗಿ ಕೆಲಸ ಮಾಡುತ್ತದೆ ಎಂದು ತಾನೇ ಎಚ್ಚರಿಸಿತ್ತು. ಅದು ಯಂತ್ರದ ಬರಹವೆಂದು ಸರಿಯಾಗಿ ಹಿಡಿದದ್ದು 26 ಪರ್ಸೆಂಟನ್ನು ಮಾತ್ರ. ಮನುಷ್ಯರ ಬರಹದಲ್ಲಿ 9 ಪರ್ಸೆಂಟನ್ನು ಯಂತ್ರದ ತಲೆಗೆ ಕಟ್ಟಿತ್ತು. ಅದೇ ವರ್ಷದ ಜುಲೈನಲ್ಲಿ, ನಿಖರತೆ ಸಾಲದೆಂದು ಅದನ್ನು ಹಿಂತೆಗೆದುಕೊಂಡರು. ಹಡೆದವರಿಗೇ ಗುರುತು ಹತ್ತದ ಮಗುವನ್ನು ತಾವು ಕನ್ನಡದಲ್ಲಿ ಗುರುತು ಹಿಡಿಯುತ್ತೀರಿ. ಇಂಥ ದಿವ್ಯದೃಷ್ಟಿಗೆ ಕೈ ಮುಗಿಯದೆ ಇರಲಾರೆ. ಒಂದು ಸಣ್ಣ ಅನುಮಾನವಿದೆ, ಕ್ಷಮಿಸಿ: ಒಂದೇ ಕೀವರ್ಡನ್ನು ಏಳು ಸಲ ತುರುಕಿ, ಮೊದಲ ಪ್ಯಾರಾದಲ್ಲೇ ಬರಲಿ ಎಂದು ಆಜ್ಞಾಪಿಸಿದ್ದು ತಾವೇ. ಹಾಗೆ ಬರೆದದ್ದು ಮನುಷ್ಯನ ಬರಹದಂತೆ ಕಂಡಿದ್ದರೆ ನನಗೇ ಗಾಬರಿಯಾಗುತ್ತಿತ್ತು.

ದುಡ್ಡಿಗಿಂತ ಹೆಸರು ಮುಖ್ಯ, ಲಕ್ಷಾಂತರ ಓದುಗರ ಮುಂದೆ ನಿಮ್ಮನ್ನು ನಿಲ್ಲಿಸುತ್ತೇವೆ ಎಂದೂ ಹರಸಿದ್ದೀರಿ. (ಹೆಸರು ಅಡ್ಮಿನ್ ಅವರದಾದರೂ ಪುಣ್ಯ ನನ್ನದಿರಬೇಕು.) ಈ ಆಶೀರ್ವಾದ ತಮ್ಮ ವಂಶದಲ್ಲೇ ಬಂದದ್ದು. ಅಮೆರಿಕದ ಹಫಿಂಗ್ಟನ್ ಪೋಸ್ಟನ್ನು 2011ರಲ್ಲಿ ಎಒಎಲ್ ಕಂಪನಿ 31.5 ಕೋಟಿ ಡಾಲರಿಗೆ ಕೊಂಡಾಗ, ಪುಕ್ಕಟೆ ಬರೆದುಕೊಟ್ಟು ಆ ತಾಣವನ್ನು ತುಂಬಿದ ಬ್ಲಾಗಿಗರು ಪಾಲು ಕೇಳಿ ಕೋರ್ಟಿಗೆ ಹೋದರು. ಪುಕ್ಕಟೆಯೆಂದು ತಿಳಿದೇ ಬರೆದವರಲ್ಲವೇ ಎಂದು ಮರುವರ್ಷ ದಾವೆ ವಜಾ ಆಯಿತು. ಅವರಿಗಿಂತ ನಮ್ಮ ಹಳೆಯ ಕಾದಂಬರಿಕಾರ ಗಳಗನಾಥರೇ ವಾಸಿ, ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬೆನ್ನು ನೊಂದರೂ ಪುಸ್ತಕದ ಮೇಲೆ ಅವರ ಹೆಸರಿತ್ತು, ಮಾರಿದ ಕಾಸು ಅವರ ಕೈಗೇ ಬರುತ್ತಿತ್ತು.

ಕೊನೆಗೊಮ್ಮೆ ತಾವು ಸ್ವಲ್ಪ ಹಣ ಕಳಿಸಿದಿರಿ. ಅದರಲ್ಲೂ ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದು ದೇಶಸೇವೆ ಮಾಡಿದಿರಿ. 2025ರ ಏಪ್ರಿಲ್‌ನಿಂದ ಇಂಥ ಶುಲ್ಕ ವರ್ಷಕ್ಕೆ 50,000 ರೂಪಾಯಿ ದಾಟಿದರಷ್ಟೇ ಟಿಡಿಎಸ್ ಹಿಡಿಯಬೇಕು. ತಮ್ಮ ದರದಲ್ಲಿ ಆ ಗಡಿ ಮುಟ್ಟಲು ನಾನು ಒಂದೂವರೆ ಲಕ್ಷಕ್ಕೂ ಹೆಚ್ಚು ಪದ ಬರೆಯಬೇಕು. ನನ್ನ ಮೇಲೆ ಇಷ್ಟು ಭರವಸೆಯಿಟ್ಟವರು ಇನ್ನೊಬ್ಬರಿಲ್ಲ. ಹಿಡಿದ ಆ ಮೊತ್ತ ನನ್ನ ತೆರಿಗೆ ಖಾತೆಯಲ್ಲಿ ಇನ್ನೂ ಕಾಣಿಸಿಕೊಂಡಿಲ್ಲ. ಸರ್ಕಾರದ ಖಜಾನೆಗೆ ಹೋಗುವ ದಾರಿಯಲ್ಲಿ ಎಲ್ಲೋ ಕಾಫಿ ಕುಡಿಯಲು ಕೂತಿರಬೇಕು. ಯುಗಾದಿಗೆ ಬರೆದ ಬೇವು-ಬೆಲ್ಲದ ಲೇಖನದ ಬಾಕಿಯಂತೂ ದಸರಾ ಕಳೆದರೂ ಬರಲಿಲ್ಲ. ಅಕೌಂಟ್ಸ್ ವಿಭಾಗದವರು ಪ್ರತಿ ಸಲವೂ ಬಹಳ ಗೌರವದಿಂದ ಮಾತಾಡಿ ಫೋನಿಟ್ಟಿದ್ದಾರೆ.

ಈಗ ಎರಡೇ ಎರಡು ವಿನಂತಿ. ಎಲ್ಲ ಹಕ್ಕುಗಳೂ ಶಾಶ್ವತವಾಗಿ ನಮ್ಮವು ಎಂದು ತಮ್ಮ ವಾಟ್ಸಾಪ್ ಗುಂಪಿನಲ್ಲಿ ಅಪ್ಪಣೆಯಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ ತಮ್ಮಷ್ಟು ಔದಾರ್ಯವಿಲ್ಲ. ನಾನು ತಮ್ಮ ನೌಕರನಲ್ಲದ್ದರಿಂದ ಬರಹದ ಮೊದಲ ಒಡೆಯ ನಾನೇ. ಹಕ್ಕು ತಮಗೆ ಬರಬೇಕಾದರೆ ನನ್ನ ಸಹಿಯಿರುವ ಬರವಣಿಗೆ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದೇ ವರ್ಷ. ಹಕ್ಕು ಕೊಟ್ಟ ಮೇಲೂ, ಇದನ್ನು ಬರೆದವನು ನಾನು ಎಂದು ಹೇಳಿಕೊಳ್ಳುವ ಅಧಿಕಾರ 57ನೇ ಸೆಕ್ಷನ್ ಪ್ರಕಾರ ನನ್ನ ಬಳಿಯೇ ಉಳಿಯುತ್ತದೆ. ಆದ್ದರಿಂದ ಶ್ರೀ ಅಡ್ಮಿನ್ ಅವರು ದಯವಿಟ್ಟು ನನ್ನ ಲೇಖನಗಳ ಕೆಳಗಿನಿಂದ ಎದ್ದು ಜಾಗ ಬಿಟ್ಟುಕೊಡಲಿ.

ಎರಡನೆಯದು, ಇದರೊಂದಿಗೆ ಇಟ್ಟಿರುವ ಬಿಲ್ಲು. ತಮ್ಮ ಕೆಲಸ ಒಪ್ಪಿಕೊಳ್ಳುವ ಮೊದಲೇ ನಾನು ಸಣ್ಣ ಉದ್ದಿಮೆದಾರನೆಂದು ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದೆ. ಸಂಖ್ಯೆ ಬಿಲ್ಲಿನ ತಲೆಯಲ್ಲೇ ಇದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕೆಲಸ ಸ್ವೀಕರಿಸಿದ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಬಡ್ಡಿಯ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಹಾಕಿದ್ದೇನೆ. ದೂರನ್ನೂ ಬರೆದು ಸಿದ್ಧವಾಗಿಟ್ಟಿದ್ದೇನೆ. ಅದನ್ನು ಪದಕ್ಕಿಷ್ಟು ಎಂದು ಬರೆದಿಲ್ಲವಾದ್ದರಿಂದ ಚಿಕ್ಕದಾಗಿದೆ, ಸಂಧಿಗಳೆಲ್ಲ ಸರಿಯಾಗಿವೆ. ಮುಂದಿನ ಸೋಮವಾರದ ತನಕ ತಮ್ಮ ಅಪ್ಪಣೆಗಾಗಿ ಕಾದಿರುತ್ತೇನೆ.

ಇತಿ ತಮ್ಮ ವಿಧೇಯ,
ಅಡ್ಮಿನ್ ಅವರ ಪರವಾಗಿ ಬರೆಯುತ್ತಾ ಇರುವವನು