ಪ್ಲಂಬರ್ ಬೇಡದ ರಾಯರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಮನೆ ಮುಂದೆ ಸಂಪಿಗೆ ಮರವೂ ತಾರಸಿ ಮೇಲೆ ಕರಿಯ ಟ್ಯಾಂಕೂ ಇರುವ ಕಡೆ, ರಸ್ತೆಗೊಬ್ಬರಂತೆ ಈ ರಾಯರು ಸಿಗುತ್ತಾರೆ. ಹೆಸರು ರಾವ್ ಎಂದೇ ಇರಬೇಕಾಗಿಲ್ಲ; ಗೌಡರೂ ಆಗಿರಬಹುದು, ಶೆಟ್ಟರೂ ಆಗಿರಬಹುದು. ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ದುಡಿದು ನಿವೃತ್ತರಾದವರು. ಗುರುತು ಹಿಡಿಯುವುದು ಸುಲಭ. ಪ್ಲಂಬರ್ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಹುಬ್ಬು ಮೇಲೇರುತ್ತದೆ. "ಒಂದು ವಾಷರ್ ಹಾಕೋದಕ್ಕೆ ಅವನಿಗೆ ಐನೂರು ರೂಪಾಯಿ ಕೊಡಬೇಕಾ? ನನಗೇನು ಕೈ ಇಲ್ವಾ?"

ಕೈ ಇದೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಇಂಥವರ ಮನೆಯ ಶವರ್ ಸೋರತೊಡಗಿತು ಎನ್ನಿ. ಉಳಿದವರಿಗೆ ಅದು ನಿದ್ದೆಗೆಡಿಸುವ ಟಪ್ ಟಪ್ ಸದ್ದು. ರಾಯರಿಗೆ ಲೆಕ್ಕದ ಬಾಬತ್ತು. ರಾತ್ರಿ ಹನ್ನೊಂದು ಗಂಟೆಗೆ ಗಡಿಯಾರ ಹಿಡಿದು ಬಚ್ಚಲಲ್ಲಿ ನಿಲ್ಲುತ್ತಾರೆ. ಸೆಕೆಂಡಿಗೊಂದು ಹನಿ. ದಿನಕ್ಕೆ 86,400 ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೂ 21 ಲೀಟರಿಗೆ ಮೇಲಾಯಿತು. "ದೊಡ್ಡ ಬಕೆಟ್ಟು ತುಂಬ ನೀರು ಕಣೇ! ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬಂದಿರೋ ಕಾವೇರಿ! ಮೂರು ಕಡೆ ಪಂಪ್ ಮಾಡಿ ಎತ್ತಿ ತಂದಿರೋದು ನಮ್ಮ ಬಚ್ಚಲ ಮೋರಿಗೆ ಹೋಗೋಕಾ?" ಎಂದು ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ ವಿಚಾರಣೆ ನಡೆಸುತ್ತಾರೆ.

"ಅದನ್ನೇ ಅಲ್ವೇನ್ರೀ ನಾನು ಮೊನ್ನೆಯಿಂದ ಹೇಳ್ತಿರೋದು, ಯಾರನ್ನಾದ್ರೂ ಕರೆಸಿ ಅಂತ."

"ನಾಳೆ ಹೇಗೂ ಭಾನುವಾರ. ನಾನೇ ನೋಡ್ತೀನಿ."

ಈ ಮಾತು ಕೇಳಿದ್ದೇ ಆಕೆ ಎದ್ದು ಹೋಗಿ, ಮನೆಯಲ್ಲಿರುವ ಬಿಂದಿಗೆ, ಬಕೆಟ್ಟು, ಕುಕ್ಕರಿನವರೆಗೆ ಎಲ್ಲಕ್ಕೂ ನೀರು ತುಂಬಿಸಿಟ್ಟು ಬಂದು ಮಲಗುತ್ತಾರೆ. ಅನುಭವಸ್ಥೆ.

ಬೆಳಿಗ್ಗೆ ಕಾಫಿ ಮುಗಿದ ಮೇಲೆ ಅಟ್ಟದಿಂದ ತಗಡಿನ ಬಿಸ್ಕತ್ತು ಡಬ್ಬ ಇಳಿಯುತ್ತದೆ. ಹಲ್ಲು ಸವೆದ ಪೈಪ್ ರೆಂಚ್, ಕಟಿಂಗ್ ಪ್ಲೇಯರ್, ಉರಿಯದ ಟೆಸ್ಟರ್, ಯಾವ ಬೋಲ್ಟಿಗೂ ಹೊಂದದ ನಟ್ಟುಗಳು. "ಬಿಸಾಕಬೇಡಿ, ಒಂದಲ್ಲ ಒಂದು ದಿನ ಬೇಕಾಗುತ್ತೆ" ಎಂದು ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ಆಸ್ತಿ. ಆ ಒಂದು ದಿನ ಬಂದಾಗ ಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ ಅದರಲ್ಲಿರುತ್ತದೆ.

ಸಹಾಯಕ್ಕೆ ಮಗ. ಆಫೀಸಿನಲ್ಲಿ ಮೂವತ್ತು ಜನರ ಟೀಮಿಗೆ ಮ್ಯಾನೇಜರ್. ಅಪ್ಪನ ಬಚ್ಚಲಲ್ಲಿ ಟಾರ್ಚ್ ಹಿಡಿಯುವವನು. ಆರನೇ ಕ್ಲಾಸಿನಲ್ಲಿ ಈ ಹುದ್ದೆಗೆ ನೇಮಕವಾದವನಿಗೆ ಇನ್ನೂ ಬಡ್ತಿ ಸಿಕ್ಕಿಲ್ಲ. "ನನ್ನ ಮುಖಕ್ಕಲ್ಲವೋ, ಪೈಪಿಗೆ ಹಿಡಿ!"

ಮೊದಲ ಹೆಜ್ಜೆ ನೀರು ನಿಲ್ಲಿಸುವುದು. ತಾರಸಿ ಮೇಲೆ ಟ್ಯಾಂಕಿನ ಬುಡದಲ್ಲಿ ಸಾಲಾಗಿ ಗೇಟ್ ವಾಲ್ವುಗಳಿವೆ. ಯಾವುದು ಯಾವ ಲೈನಿನದು ಎಂದು ಅವುಗಳ ಮೇಲೆ ಬರೆದಿಲ್ಲ. ಮನೆ ಕಟ್ಟಿಸಿದಾಗಿನಿಂದ ರಾಯರ ತಲೆಯಲ್ಲಿದೆ. ಆ ಜ್ಞಾಪಕದ ಬಲದಿಂದ ಒಂದನ್ನು ತಿರುಗಿಸಿದರೆ ಅಡುಗೆಮನೆಯಿಂದ ಕೂಗು ಬರುತ್ತದೆ. ಇನ್ನೊಂದನ್ನು ತಿರುಗಿಸಿದರೆ ಮಹಡಿ ಮೇಲಿನ ಬಾಡಿಗೆಯ ಹುಡುಗ ಮೈತುಂಬ ಸೋಪಿನೊಂದಿಗೆ ಬಾಗಿಲ ಸಂದಿಯಲ್ಲಿ ಇಣುಕುತ್ತಾನೆ. ಮೂರನೆಯದರ ಹಿಡಿ ತುಕ್ಕು ಹಿಡಿದು ಕೂತಿದ್ದು, ರಾಯರ ಪಟ್ಟಿಗೆ ಸೋತು ಕೈಗೇ ಬರುತ್ತದೆ.

ಆಮೇಲೆ ಶವರ್ ಬಿಚ್ಚುವುದು. ಇಲ್ಲೊಂದು ಸಣ್ಣ ವಿಷಯವಿದೆ. ನಲ್ಲಿ ನಿಲ್ಲಿಸಿದ ಮೇಲೂ ಶವರಿನ ತೂತುಗಳಿಂದ ಹನಿ ಬೀಳುತ್ತಲೇ ಇದ್ದರೆ ದೋಷ ಶವರಿನದಲ್ಲ. ಕೆಳಗೆ ಗೋಡೆಯಲ್ಲಿರುವ ನಲ್ಲಿಯದು. ಅದರೊಳಗೆ ಸ್ಪಿಂಡಲ್ ತುದಿಯಲ್ಲಿ ಕೂತ ರಬ್ಬರ್ ವಾಷರ್ ಸವೆದರೆ ನೀರು ಸಂದಿಯಲ್ಲಿ ನುಸುಳಿ ಪೈಪು ಹತ್ತಿ, ಮೇಲೆ ಶವರಿನಿಂದ ತೊಟ್ಟಿಕ್ಕುತ್ತದೆ. ವಾಷರ್ ಸವೆಯಲು ಕಾರಣವೂ ಇದೆ: "ನಲ್ಲಿ ಗಟ್ಟಿಯಾಗಿ ತಿರುಗಿಸ್ರೋ" ಎಂದು ರಾಯರು ಮನೆಯಲ್ಲಿ ಜಾರಿಗೆ ತಂದ ಶಿಸ್ತು. ಬಿಗಿದಷ್ಟೂ ರಬ್ಬರ್ ಜಜ್ಜಿಹೋಗುತ್ತದೆ, ಜಜ್ಜಿದಷ್ಟೂ ಸೋರುತ್ತದೆ, ಸೋರಿದಷ್ಟೂ ರಾಯರು ಇನ್ನೊಂದು ಸುತ್ತು ಬಿಗಿಯುತ್ತಾರೆ.

ಆದರೆ ಹನಿ ಬೀಳುವುದು ಮೇಲಿನಿಂದ. ಆದ್ದರಿಂದ ರಿಪೇರಿಯೂ ಮೇಲೆಯೇ. ಶವರಿನ ಕತ್ತು ಬಿಚ್ಚಿ, ಬಿಳಿ ಟೇಪಿನ ಉರುಳೆ ಕೈಗೆತ್ತಿಕೊಂಡು ಪಾಠ ಶುರು ಮಾಡುತ್ತಾರೆ. "ಈ ಟೆಫ್ಲಾನ್ ಇದೆಯಲ್ಲ, ಇದನ್ನ ಕಂಡುಹಿಡೀಬೇಕು ಅಂತ ಯಾರೂ ಹೊರಟಿರಲಿಲ್ಲ ಕಣೋ. 1938ರಲ್ಲಿ ಅಮೆರಿಕದ ಡೂಪಾಂಟ್ ಕಂಪನೀಲಿ ರಾಯ್ ಪ್ಲಂಕೆಟ್ ಅಂತ ಒಬ್ಬ, ಫ್ರಿಜ್ಜಿಗೆ ಬೇಕಾದ ಗ್ಯಾಸು ಹುಡುಕ್ತಾ ಇದ್ದ. ಸಿಲಿಂಡರ್ ತೆಗೆದು ನೋಡಿದ್ರೆ ಗ್ಯಾಸಿಲ್ಲ, ಬಿಳೀ ಪುಡಿ!" ಇತಿಹಾಸವೆಲ್ಲ ಸರಿಯಾಗಿಯೇ ಇದೆ, ಸುತ್ತಿದ ದಿಕ್ಕೊಂದು ತಪ್ಪು. ತಿರುಪು ಬಿಗಿಯುವ ದಿಕ್ಕಿನಲ್ಲೇ, ಅಂದರೆ ಗಡಿಯಾರದ ಮುಳ್ಳಿನ ಜೊತೆಗೇ ಸುತ್ತಬೇಕಾದ ಟೇಪನ್ನು ಎದುರು ದಿಕ್ಕಿಗೆ ಸುತ್ತಿದ್ದರಿಂದ, ಶವರ್ ಕೂರಿಸುವಾಗ ಅದೆಲ್ಲ ಬಿಚ್ಚಿಕೊಂಡು ಹೊರಗೆ ಜೋತುಬೀಳುತ್ತದೆ. ಬಿಚ್ಚಿಕೊಂಡಷ್ಟಕ್ಕೂ ಮೇಲಿನಿಂದ ಇನ್ನೊಂದಿಷ್ಟು ಸುತ್ತಿ, ಉರುಳೆ ಖಾಲಿ.

ಟೇಪು ತರಲು ಹಾರ್ಡ್‌ವೇರ್ ಅಂಗಡಿಗೆ. ಹೇಗೂ ಬಂದದ್ದಾಯಿತು ಎಂದು ಒಂದು ನಿಪ್ಪಲ್ಲೂ ಕೇಳುತ್ತಾರೆ. ಅಂಗಡಿಯ ಹುಡುಗ ಮೊಬೈಲಿನಿಂದ ತಲೆ ಎತ್ತದೆ, "ಅರ್ಧ ಇಂಚಾ, ಮುಕ್ಕಾಲಾ?" ಎನ್ನುತ್ತಾನೆ. "ಜಿಐನಾ, ಸಿಪಿವಿಸಿನಾ? ಸ್ಯಾಂಪಲ್ ತಂದಿದೀರಾ ಸಾರ್?" ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದೆ ಮನೆಗೆ ಮರಳಿದ ಗಂಡಸರ ಸಂಘವೊಂದನ್ನು ಪ್ರತಿ ಬಡಾವಣೆಯಲ್ಲೂ ಕಟ್ಟಬಹುದು.

ಸಂಜೆಯ ಹೊತ್ತಿಗೆ ಶವರ್ ತನ್ನ ಜಾಗಕ್ಕೆ ಬರುತ್ತದೆ. ಮೊದಲು ತೂತಿನಿಂದ ಮಾತ್ರ ಸೋರುತ್ತಿದ್ದುದು ಈಗ ಕತ್ತಿನಿಂದಲೂ ಸೋರುತ್ತದೆ. ರಾಯರು ಧೃತಿಗೆಡುವವರಲ್ಲ. ಕಪ್ಪು ಮತ್ತು ಬಿಳಿ ಉಂಡೆಗಳನ್ನು ನಾದಿ ಕತ್ತಿನ ಸುತ್ತ ಎಂ-ಸೀಲ್ ಮೆತ್ತಿ, ತೀರ್ಪು ಕೊಡುತ್ತಾರೆ: "ಇಪ್ಪತ್ನಾಲ್ಕು ಗಂಟೆ ಯಾರೂ ಮುಟ್ಟಬೇಡಿ. ಸೆಟ್ ಆಗಬೇಕು." ಲೈನಿನಲ್ಲಿ ನೀರು ಬಿಟ್ಟೂ ನಿಲ್ಲಿಸಿಯೂ ಪರೀಕ್ಷೆ ಮಾಡಿದ್ದರಲ್ಲಿ ಎಷ್ಟು ಬಕೆಟ್ ಕಾವೇರಿ ಮೋರಿ ಸೇರಿತೆಂಬ ಲೆಕ್ಕ ಮಾತ್ರ ಅವರ ಬಳಿ ಇಲ್ಲ.

ಮರುದಿನ ಐದು ಗಂಟೆಗೆ ರಾಯರು ವಾಕಿಂಗಿಗೆ ಹೊರಡುತ್ತಾರೆ. ಅವರು ರಸ್ತೆಯ ತಿರುವು ದಾಟಿದ್ದೇ ತಡ, ಹಿತ್ತಲ ಗೇಟಿನಲ್ಲಿ ಪ್ಲಂಬರ್ ಹಾಜರು. ಅಮ್ಮನವರ ಫೋನು ಹೋದದ್ದು ಭಾನುವಾರ ಬೆಳಿಗ್ಗೆ, ಬಿಸ್ಕತ್ತು ಡಬ್ಬ ಅಟ್ಟದಿಂದ ಇಳಿದ ಗಳಿಗೆಯಲ್ಲಿ. ಅವನು ಕೆಳಗಿನ ನಲ್ಲಿಯ ಸ್ಪಿಂಡಲ್ ಬಿಚ್ಚಿ, ಚೂರುಚೂರಾಗಿದ್ದ ವಾಷರ್ ಕಿತ್ತು, ಹೊಸದು ಹಾಕುತ್ತಾನೆ. ಎಂ-ಸೀಲ್ ಕೆತ್ತಿ ಟೇಪನ್ನು ಸರಿಯಾದ ದಿಕ್ಕಿಗೆ ಸುತ್ತುತ್ತಾನೆ. ಕೊನೆಗೆ, ಅಮ್ಮನವರ ಅಪ್ಪಣೆಯಂತೆ, ಮೇಲೊಂದಿಷ್ಟು ಹೊಸ ಎಂ-ಸೀಲ್ ಬೆರಳಚ್ಚು ಕಾಣುವ ಹಾಗೆ ಮೆತ್ತಿ, ಒಂದು ಚೂರು ಟೇಪನ್ನೂ ಜೋತುಬಿಡುತ್ತಾನೆ. ನೀರಿನ ಸುಣ್ಣ ಕಟ್ಟಿಕೊಂಡು ಮುಚ್ಚಿಹೋಗಿದ್ದ ತೂತುಗಳನ್ನು, ದೀಪ ಬೆಳಗಿ ಉಳಿದ ಹುಣಸೆಹಣ್ಣಿನಿಂದ ಅಮ್ಮನವರೇ ತಿಕ್ಕಿ ತೆಗೆಯುತ್ತಾರೆ.

ರಾಯರು ಬಂದು ನೋಡುತ್ತಾರೆ. ಒಂದು ಹನಿ ಇಲ್ಲ. ಶವರ್ ತಿರುಗಿಸಿದರೆ ಧಾರೆ ನೆಟ್ಟಗೆ. "ನಾನು ಹೇಳಲಿಲ್ವಾ, ಸೆಟ್ ಆಗಬೇಕು ಅಂತ?"

"ನಿಮ್ಮ ಕೈಗುಣ ಬಿಡಿ," ಎನ್ನುತ್ತಾರೆ ಅಮ್ಮನವರು, ಕಾಫಿ ಲೋಟ ಕೊಡುತ್ತ.

ಸುದ್ದಿ ಪಾರ್ಕಿನ ಬೆಂಚಿಗೆ ತಲುಪಿ, ಅಲ್ಲಿಂದ ಎದುರು ಮನೆಗೆ ಹೋಗುತ್ತದೆ. ಅವರಲ್ಲೂ ಶವರ್ ಸೋರುತ್ತಿದೆ. ಹೊಸ ಮಾದರಿಯ ಕಾಲು ಸುತ್ತಿನ ನಲ್ಲಿ. ಅದರಲ್ಲಿ ಸ್ಪಿಂಡಲ್ ತುದಿಯ ವಾಷರೇ ಇರುವುದಿಲ್ಲ, ನುಣುಪಾದ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರಿ ನೀರು ತಡೆಯುತ್ತವೆ. ರಾಯರು ಡಬ್ಬ ಹಿಡಿದು ಎದುರು ಮನೆಯ ಮೆಟ್ಟಿಲು ಹತ್ತುತ್ತಾರೆ, ಮೇಲಕ್ಕೆ ನೋಡುತ್ತಾರೆ, ಬಿಳಿ ಟೇಪು ಕೇಳುತ್ತಾರೆ.

ಬೀದಿ ಕೊನೆಯ ಟೀ ಅಂಗಡಿಯಲ್ಲಿ ಪ್ಲಂಬರಿನ ಹೊಸ ಶಿಷ್ಯ ಕೇಳುತ್ತಾನೆ: "ಏನಣ್ಣ ಇದು, ಆ ಯಜಮಾನ್ರು ಎಲ್ಲಾರ ಮನೇದೂ ಅವರೇ ಮಾಡಿಬಿಟ್ರೆ ನಮ್ಮ ಗತಿ?"

"ಸುಮ್ನಿರೋ," ಎನ್ನುತ್ತಾನೆ ಗುರು, ಮೊಬೈಲಿನಲ್ಲಿ ಎದುರು ಮನೆಯಮ್ಮನ ನಂಬರ್ ಸೇವ್ ಮಾಡಿಕೊಳ್ಳುತ್ತ. "ವಾಷರ್ ಹಾಕೋದಕ್ಕೆ ಐನೂರು. ಅವರು ಕೈಯಿಟ್ಟ ಮೇಲೆ ಹೋದ್ರೆ ಸಾವಿರದೈನೂರು. ಅವರಿಗೆ ಆಯಸ್ಸು ಕೊಡಪ್ಪಾ ಅಂತ ಬೇಡ್ಕೋ."