ಗಡಿನಾಡ ಗಣಕತಾಪ ಮೀಮಾಂಸೆ: ರಾಯದುರ್ಗ–ಮಡಕಶಿರಾ ಸೀಮೆಯ ಲ್ಯಾಪ್‌ಟಾಪುಗಳ ಬಿಸಿ ಹಾಗೂ ಫ್ಯಾನಿನ ವೇಗ, ಒಂದು ಅಂತರ್‌ಶಿಸ್ತೀಯ ಪರಿಪ್ರೇಕ್ಷ್ಯ

ಪ್ರಸ್ತುತ ಪ್ರಬಂಧವು ಗಡಿನಾಡಿನ ಲ್ಯಾಪ್‌ಟಾಪ್ ಎಂಬ ಸಾಂಸ್ಕೃತಿಕ ಪಠ್ಯವನ್ನು ಅದರ ತಳಭಾಗದಿಂದ ಓದುವ ಒಂದು ವಿನಮ್ರ ಪ್ರಯತ್ನವಾಗಿದೆ. ತಳಭಾಗವೇ ಏಕೆಂದರೆ, ಬಿಸಿ ಇರುವುದು ಅಲ್ಲಿ. ಈ ಕ್ಷೇತ್ರದಲ್ಲಿ ಪೂರ್ವಸೂರಿಗಳ ಅಧ್ಯಯನಗಳು ಇಲ್ಲವಾದ್ದರಿಂದ ಅವೆಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ.

ಮೊದಲಿಗೆ ಚಾರಿತ್ರಿಕ ಹಿನ್ನೆಲೆ. ಅದಿಲ್ಲದೆ ನಮ್ಮಲ್ಲಿ ಯಾವ ಪ್ರಬಂಧವೂ ಎರಡನೇ ಪುಟಕ್ಕೆ ದಾಟುವುದಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರುಗಳಂತೆಯೇ ಆಂಧ್ರದ ಪಾಲಾಗಿ, ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ 2022ರ ಏಪ್ರಿಲ್ 4ರಂದು ಅದೇ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಈ ಎರಡು ಮಹಾಪಲ್ಲಟಗಳಿಂದ ಆ ಊರುಗಳ ಬಿಸಿಲಿನಲ್ಲಿ ಆದ ವ್ಯತ್ಯಾಸ ಸೊನ್ನೆ. ಇದು ನಮ್ಮ ಪ್ರಥಮ ಶೋಧ.

ಎರಡನೆಯದು ಇನ್ನೂ ಗಹನವಾದುದು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವುದು ಮಡಕಶಿರಾ ಸೀಮೆಯಲ್ಲೇ. ಶಾಸನಗಳು ನೊಳಂಬವಾಡಿ 32000 ಎನ್ನುತ್ತವೆ. ಆ ಸಂಖ್ಯೆ ಹಳ್ಳಿಗಳದೋ ಕಂದಾಯದ್ದೋ ಎಂದು ವಿದ್ವಾಂಸರು ಬಹುಕಾಲ ಹೊಡೆದಾಡಿದ್ದಾರೆ. ಈಗ ಗಮನಿಸಿ: ಕೆಲಸದ ಭಾರ ಬಿದ್ದ ಲ್ಯಾಪ್‌ಟಾಪಿನ ಫ್ಯಾನು ನಿಮಿಷಕ್ಕೆ ಸುಮಾರು 4000 ಸುತ್ತು ತಿರುಗುತ್ತದೆ. ಎಂಟು ನಿಮಿಷಕ್ಕೆ 32000. ನೊಳಂಬರ ಕಾಲದಲ್ಲೇ ಎಂಟು ನಿಮಿಷದ ವಿಡಿಯೊ ರೆಂಡರ್ ರೂಢಿಯಲ್ಲಿತ್ತೆಂಬ ತೀರ್ಮಾನ ಅನಿವಾರ್ಯ. ಇದಕ್ಕಿಂತ ತೆಳುವಾದ ಆಧಾರದ ಮೇಲೆ ಶಾಲು ಹೊದೆಸಿಕೊಂಡವರನ್ನು ನಾನು ಕಂಡಿದ್ದೇನೆ.

ಇನ್ನು ಪಂಖ ವರ್ಗೀಕರಣ. ಅನಂತಪುರ ಸೀಮೆಯಲ್ಲಿ ಪಂಖಗಳು ಮೂರು ತೆರ. ಉರವಕೊಂಡ, ಬೆಳುಗುಪ್ಪ ಕಡೆಯ ಬಯಲಲ್ಲಿ ನಿಂತಿರುವ ಗಾಳಿಯಂತ್ರ ಮಹಾಪಂಖ. ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು. ತಲೆಯ ಮೇಲಿನ ಸೀಲಿಂಗ್ ಫ್ಯಾನು ಮಧ್ಯಮಪಂಖ, ಮುನ್ನೂರರ ಮೇಲೆ. ಲ್ಯಾಪ್‌ಟಾಪಿನೊಳಗಿನದು ಸೂಕ್ಷ್ಮಪಂಖ. ಗಾತ್ರ ಕುಗ್ಗಿದಷ್ಟೂ ಅರಚಾಟ ಹೆಚ್ಚು ಎಂಬ ಈ ತತ್ತ್ವವನ್ನು ‘ಪಂಖ-ವಿಲೋಮ ನ್ಯಾಯ’ ಎಂದು ಕರೆಯೋಣ. ಸಾಹಿತ್ಯ ಪರಿಷತ್ತುಗಳಿಗೂ ಇದು ಅನ್ವಯಿಸುತ್ತದೆ. ಪ್ರತಿಯೊಂದು ಪಂಖಕ್ಕೂ ಸಕರೆಂಟು, ನಿಷ್ಕರೆಂಟು ಎಂಬ ಎರಡೆರಡು ಅವಸ್ಥೆಗಳು, ಒಟ್ಟು ಆರು. ಇವನ್ನು ಕೋಷ್ಟಕದಲ್ಲಿ ಕೊಡಬೇಕಿತ್ತು. ಆದರೆ ಮಹಾಪಂಖದ ಸಾಲಿಗೆ ಬಂದಾಗ ಕೈ ಓಡಲಿಲ್ಲ. ಬಯಲಿನುದ್ದಕ್ಕೂ ಗಾಳಿಯಂತ್ರಗಳು ಕರೆಂಟು ಹುಟ್ಟಿಸುತ್ತ ನಿಂತಿವೆ. ಅದೇ ಸೀಮೆಯ ಹಳ್ಳಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ ಅಜ್ಜಿ ಮೊರ ಬೀಸಿಕೊಳ್ಳುತ್ತಾಳೆ. ಇದನ್ನು ಯಾವ ಕಾಲಮ್ಮಿನಲ್ಲಿ ತುಂಬಬೇಕು? ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಇನ್ನು ಲ್ಯಾಪ್‌ಟಾಪಿನ ಒಳರಚನೆ. ಪ್ರೊಸೆಸರಿನ ಮೇಲೆ ಥರ್ಮಲ್ ಪೇಸ್ಟು, ಅದರ ಮೇಲೆ ತಾಮ್ರದ ಕೊಳವೆ. ಕೊಳವೆಯೊಳಗೆ ತೊಟ್ಟು ನೀರು. ಅದು ಕಾದು ಆವಿಯಾಗಿ ಫ್ಯಾನಿನ ಕಡೆಗೆ ಓಡುತ್ತದೆ, ಅಲ್ಲಿ ತಣಿದು ಮತ್ತೆ ನೀರಾಗಿ ಹಿಂದಕ್ಕೆ ಬರುತ್ತದೆ. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ಸೀಮೆಯಲ್ಲಿ ಹನ್ನೆರಡು ತಿಂಗಳೂ ನೀರು ಹರಿಯುವ ಕಾಲುವೆ ಇದೊಂದೇ.

ಉಷ್ಣದ ಗಡಿ ಸಾಮಾನ್ಯವಾಗಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಫ್ಯಾನಿನ ವೇಗ ದುಪ್ಪಟ್ಟಾದರೆ ಗಾಳಿಯೂ ದುಪ್ಪಟ್ಟು, ಆದರೆ ಅದಕ್ಕೆ ಬೇಕಾಗುವ ಶಕ್ತಿ ಎಂಟು ಪಟ್ಟು. ಎಷ್ಟೇ ತಿರುಗಿದರೂ ಅದು ಬೀಸುವುದು ಕೋಣೆಯ ಗಾಳಿಯನ್ನೇ. ಕೋಣೆ 42 ಡಿಗ್ರಿ ಇದ್ದರೆ ಅದಕ್ಕಿಂತ ತಣ್ಣಗೆ ಮಾಡುವ ವಿದ್ಯೆ ಯಾವ ಫ್ಯಾನಿಗೂ ಗೊತ್ತಿಲ್ಲ.

ಈಗ ಕ್ಷೇತ್ರಕಾರ್ಯ. ಮದುವೆಗಳು ಒತ್ತಾಗಿ ಬರುವುದು ಚೈತ್ರ, ವೈಶಾಖದಲ್ಲಿ; ಬಿಸಿಲು ನೆತ್ತಿಗೇರುವುದೂ ಆಗಲೇ. ರಾಯದುರ್ಗದ ಫೋಟೊ ಸ್ಟುಡಿಯೊಗಳಲ್ಲಿ ಧಾರೆಯಿಂದ ಹಿಡಿದು ಊಟದ ಪಂಕ್ತಿಯವರೆಗಿನ ನಾಲ್ಕು ಗಂಟೆಯ ಚಿತ್ರಣ, ಮೇಲೆ ಡ್ರೋನಿನದು, ಎಲ್ಲ ಒಂದೇ ಲ್ಯಾಪ್‌ಟಾಪಿನ ತಲೆಯ ಮೇಲೆ ಬೀಳುತ್ತವೆ. ಮೇಲೆ ಶೀಟಿನ ಮಾಡು. ಹಿಂದೆ ಹಗಲೆಲ್ಲ ಕಾಯ್ದು ರಾತ್ರಿಯೂ ಝಳ ಬಿಡುವ ಬಂಡೆಯ ಬೆಟ್ಟ. ಫ್ಯಾನು ಬಿಚ್ಚಿದರೆ ರೆಕ್ಕೆಗಳಲ್ಲಿ ನೀಲಿ ಜುಂಗು: ಓಣಿ ಓಣಿಯಲ್ಲಿ ಜೀನ್ಸ್ ಹೊಲಿಯುವ ಊರು ಅದು. ಕಣೇಕಲ್ಲು, ಬೊಮ್ಮನಹಾಳ ಕಡೆಗೆ ಹೋದರೆ ಜುಂಗಿನ ಬದಲು ಮರಳು. ದರ್ಗಾ ಹೊನ್ನೂರಿನ ಹೊಲಗಳ ಮೇಲೆ ದಿಬ್ಬ ಕಟ್ಟುವ ಅದೇ ಹಗರಿ ಹೊಳೆಯ ಮರಳು ಫ್ಯಾನಿನೊಳಗೂ ಮನೆ ಮಾಡುತ್ತದೆ. “ಅಣ್ಣಾ, ಮಿಷೀನು ಎಲ್ಲಿಂದ ತಣ್ಣಗಾಗ್ಬೇಕು, ಗೋಡೇನೇ ಸುಡ್ತೈತೆ” ಎಂದ ಸ್ಟುಡಿಯೊ ಹುಡುಗನ ಈ ಹೇಳಿಕೆಯನ್ನು ಸಂಕಥನವಾಗಿ ಪರಿಭಾವಿಸಲು ಹೊರಟೆ. ಆಗಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು, ಅಷ್ಟೇ.

ಲ್ಯಾಪ್‌ಟಾಪಿನ ಕೈಪಿಡಿ ಹೇಳುವುದೇನು? ಬಹುಪಾಲು ಕಂಪನಿಗಳದ್ದು ಒಂದೇ ಮಾತು: ಸುತ್ತಲಿನ ಉಷ್ಣಾಂಶ 35 ಡಿಗ್ರಿ ಮೀರಬಾರದು. ಅಂದರೆ ಮಾರ್ಚಿನಿಂದ ಮೇವರೆಗೆ ಈ ಸೀಮೆಯ ಹಗಲೆಲ್ಲ ನಿಯಮದ ಉಲ್ಲಂಘನೆ. ಮದರ್‌ಬೋರ್ಡು ಸುಟ್ಟುಹೋಗಿ ದೂರು ಕೊಟ್ಟರೆ ‘ಸೂಕ್ತ ಪರಿಸರದಲ್ಲಿ ಬಳಸಿಲ್ಲ’ ಎಂಬ ಉತ್ತರ ಬರುತ್ತದೆ. ಪರಿಸರ ಎಂದರೆ ಆ ಹುಡುಗ ಹುಟ್ಟಿದ ಊರು ಸ್ವಾಮಿ. ಸಾಲ ಮಾಡಿ ತಂದ ಯಂತ್ರಕ್ಕಾಗಿ ಅವನು ಯಾವ ತಂಪು ರಾಜ್ಯಕ್ಕೆ ವಲಸೆ ಹೋಗಬೇಕು? ನಾನು ನೋಡಿದ ಯಾವ ಕೈಪಿಡಿಯಲ್ಲೂ ಕನ್ನಡವಿರಲಿಲ್ಲ. ಅವನು ಕನ್ನಡ ಶಾಲೆಯಲ್ಲಿ ಓದಿದವನು. ಕೆಲಸ ಕಲಿತದ್ದು ತೆಲುಗು, ಹಿಂದಿ ವಿಡಿಯೊ ನೋಡಿ. ಅವನ ಕೈಗೆ ಎಟುಕುವಂಥದ್ದನ್ನು ಕನ್ನಡದಲ್ಲಿ ಬರೆಯಬೇಕಿದ್ದ ನಾವು ಏನು ಮಾಡುತ್ತಿದ್ದೆವು? ‘ಗಡಿನಾಡ ಕನ್ನಡ: ಅಸ್ಮಿತೆಯ ಬಹುಮುಖಿ ನೆಲೆಗಳು’ ಎಂದು ನವೆಂಬರಿನ ತಂಪಿನಲ್ಲಿ ಮಾತಾಡಿ, ಊಟ ಮಾಡಿ, ಪ್ರಯಾಣ ಭತ್ಯೆಯ ಚೀಟಿಗೆ ಸಹಿ ಹಾಕಿ, ಕತ್ತಲಾಗುವ ಮುಂಚೆ ಬೆಂಗಳೂರಿನ ಬಸ್ಸು ಹತ್ತುತ್ತಿದ್ದೆವು.

ಹಾಗಾಗಿ ಪಾರಿಭಾಷಿಕ ಪದಗಳನ್ನು ಬದಿಗಿಟ್ಟು ಹೇಳುತ್ತೇನೆ. ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂದಿರುತ್ತದೆ. ಅದನ್ನು 100ರಿಂದ 99ಕ್ಕೆ ಇಳಿಸಿ. ಬಹಳಷ್ಟು ಯಂತ್ರಗಳಲ್ಲಿ ಟರ್ಬೊ ನಿಂತು ಬಿಸಿ ಎದ್ದು ಕಾಣುವಷ್ಟು ತಗ್ಗುತ್ತದೆ, ರೆಂಡರ್ ಕೊಂಚ ತಡವಾಗುತ್ತದೆ. ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತಿಡಿ. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ಬೇಸಿಗೆಗೆ ಮುಂಚೆ ಒಮ್ಮೆ ಫ್ಯಾನು ಬಿಚ್ಚಿಸಿ ಜುಂಗು ತೆಗೆಸಿ, ಒಣಗಿದ ಪೇಸ್ಟು ಬದಲಿಸಿ. ದೊಡ್ಡ ರೆಂಡರನ್ನು ನಡುರಾತ್ರಿ ಕಳೆದ ಮೇಲೆ ಹಚ್ಚಿ.

ಗಡಿನಾಡ ವಿಚಾರ ಸಂಕಿರಣದ ಸಂಘಟಕರಲ್ಲಿ ಒಂದು ಅರಿಕೆ: ಮುಂದಿನದನ್ನು ರಾಯದುರ್ಗದಲ್ಲಿ, ಮೇ ತಿಂಗಳಲ್ಲಿ, ಶೀಟಿನ ಮಾಡಿನ ಕೆಳಗೆ ಇಡಿ. ಪ್ರಬಂಧಗಳು ತಾವಾಗಿಯೇ ಚಿಕ್ಕವಾಗುತ್ತವೆ.